ಮೊದಲು ಕಂಡವರು ಯಾರು

ನನ್ನ ಮಗನಿಗೆ ಏಳು ವರ್ಷ. ದೊಡ್ಡವನಾದ ಮೇಲೆ ಏನಾಗ್ತೀಯೋ ಅಂತ ಯಾರು ಕೇಳಿದರೂ ಅವನದು ಒಂದೇ ಉತ್ತರ, ‘ಪೇಲಿಯಂಟಾಲಜಿಸ್ಟ್’. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದನ್ನು ಕೇಳಿ ಯಾರೂ ಬೆರಗಾಗುವುದಿಲ್ಲ. ಅವನ ಕ್ಲಾಸಿನ ಅರ್ಧ ಮಕ್ಕಳು ಇದನ್ನೇ ಹೇಳ್ತಾರೆ, ಉಳಿದರ್ಧ ಯೂಟ್ಯೂಬರ್ ಆಗ್ತಾರಂತೆ. ತೊಡಕಾಗಿದ್ದು ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ.

ನಮ್ಮೂರು ಹೊಸನಗರದಿಂದ ಒಳಗೆ ಹತ್ತು ಹನ್ನೆರಡು ಕಿಲೋಮೀಟರ್. ಅಪ್ಪಯ್ಯ ಜಗುಲಿಯಲ್ಲಿ ಕೂತು, ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದರು. ಮೊಮ್ಮಗನ ಉತ್ತರ ಕೇಳಿ ತೊಳೆ ಕೀಳುವುದನ್ನು ನಿಲ್ಲಿಸಿದರು.

‘ಅದು ಎಂತ ಕೆಲಸ ಮಾರಾಯ?’

‘ಹಳೇ ಮೂಳೆ ಹುಡುಕೋದು ಅಜ್ಜ. ಡೈನೊಸಾರ್‌ದು.’

‘ಹುಡುಕಿ?’

‘ಹುಡುಕಿ ಅದಕ್ಕೆ ಹೆಸರಿಡೋದು.’

‘ಸಂಬಳ ಯಾರು ಕೊಡ್ತಾರೆ?’

ಹುಡುಗ ನನ್ನ ಮುಖ ನೋಡಿದ. ‘ಸರ್ಕಾರ ಕೊಡುತ್ತೆ ಅಪ್ಪಯ್ಯ, ಜಿಯಾಲಾಜಿಕಲ್ ಸರ್ವೆ ಅಂತ ಒಂದು ಇಲಾಖೆ ಇದೆ’ ಅಂದೆ. ಸರ್ಕಾರಿ ಕೆಲಸ ಅಂದಿದ್ದೇ ಅವರಿಗೆ ಸಮಾಧಾನ ಆಯ್ತು. ಹದಿಮೂರು ವರ್ಷದಿಂದ ನಾನು ಮಾಡುತ್ತಿರುವ ಕೆಲಸದ ಬಗ್ಗೆ ಅಷ್ಟು ಸಮಾಧಾನ ಅವರಿಗೆ ಇನ್ನೂ ಆಗಿಲ್ಲ.

ಮಾರನೇ ದಿನ ಬೆಳಿಗ್ಗೆ ಹುಡುಗ ಅಜ್ಜಿಯ ಹೂಗಿಡದ ಗುದ್ದಲಿ ತಗೊಂಡು ತೋಟದ ಮೇಲಿನ ಧರೆ ಕೆರೆಯಲಿಕ್ಕೆ ಶುರು ಮಾಡಿದ. ನಾನು ಅವನಿಗೆ ನಿಜ ಹೇಳಲೇಬೇಕಾಯ್ತು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಲ್ಲಿ ಎಲ್ಲಿ ಅಗೆದರೂ ಡೈನೊಸಾರ್ ಸಿಗಲ್ಲ ಮಗನೇ. ನಮ್ಮ ಕಾಲಡಿಯ ಬಂಡೆಗೆ 250 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಡೈನೊಸಾರ್‌ಗಳು ಹುಟ್ಟಿದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ, ಹೋಗಿದ್ದು 6.6 ಕೋಟಿ ವರ್ಷದ ಹಿಂದೆ. ಮೂಳೆ ಉಳಿಯಬೇಕಾದರೆ ಅದರ ಮೇಲೆ ಬೇಗ ಕೆಸರೋ ಮರಳೋ ಮುಚ್ಚಿಕೊಂಡು, ಆ ಕೆಸರು ಕಲ್ಲಾಗಿ, ಆ ಕಲ್ಲು ಇವತ್ತಿನವರೆಗೆ ಕೊಚ್ಚಿಹೋಗದೆ ಇರಬೇಕು. ನಮ್ಮಲ್ಲಿ ಆ ಕಾಲದ ಕೆಸರುಕಲ್ಲು ಇಲ್ಲ. ಮೇಲೆ ಇರುವುದು ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ಹುಳಿ ಮಣ್ಣು. ನಮ್ಮ ಮಳೆಗೆ ಆ ಮಣ್ಣಿನಲ್ಲಿ ಹೂತ ದನದ ಮೂಳೆಯೇ ಬಹಳ ಕಾಲ ಉಳಿಯುವುದು ಕಷ್ಟ.

‘ಹಾಗಾದ್ರೆ ಕರ್ನಾಟಕದಲ್ಲಿ ಏನೂ ಇಲ್ವಾ?’ ಅಂತ ಮುಖ ಸಣ್ಣ ಮಾಡಿದ. ಗೋಕಾಕದ ಹತ್ತಿರ ರಾಬರ್ಟ್ ಬ್ರೂಸ್ ಫೂಟ್ ಅನ್ನುವವರಿಗೆ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತ್ತು, 1874ರಲ್ಲಿ ಅದಕ್ಕೆ ನಮ್ಮ ದಖ್ಖನ್ನಿನ ಹೆಸರನ್ನೇ ಇಟ್ಟು ಪ್ರಕಟಿಸಿದರು ಅಂದೆ. ಘೇಂಡಾಮೃಗ ಅವನಿಗೆ ಸಾಕಾಗಲಿಲ್ಲ. ಧರೆ ಬಿಟ್ಟು ತೋಟದ ಮೂಲೆ ಕಡೆ ಹೋದ.

ಆ ಮೂಲೆಯಲ್ಲಿ, ಬಗನಿ ಮರದ ಬುಡದಲ್ಲಿ ನಮ್ಮ ಚೌಡಿ ಇದೆ. ಗುಡಿ ಗಿಡಿ ಏನಿಲ್ಲ. ಒಂದು ಉದ್ದ ಕಲ್ಲು, ಅದರ ಮುಂದೆ ಒಂದು ಗುಂಡುಕಲ್ಲು, ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ವರ್ಷಕ್ಕೊಂದು ಸಲ ಕಾಯಿ ಒಡೆದು, ಕುಂಕುಮ ಹಚ್ಚಿ, ಹಿಂದಿರುಗಿ ನೋಡದೆ ಬರುತ್ತೇವೆ. ತೋಟ, ದನ, ಮಕ್ಕಳು ಎಲ್ಲವನ್ನೂ ಕಾಯುವುದು ಅವಳೇ. ಹುಡುಗ ಆ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ‘ಅಪ್ಪಾ, ಎಗ್!’ ಅಂತ ಕೂಗಿದ.

ಅಪ್ಪಯ್ಯ ಜೋರು ಮಾತಾಡುವವರಲ್ಲ. ಆವತ್ತು ತೋಟದ ಆ ತುದಿಯಿಂದ ‘ಇಡೋ ಅದನ್ನ! ಇಡು ಮೊದ್ಲು!’ ಅಂತ ಕೂಗಿದ ದನಿ ನಾನೇ ಕೇಳಿರಲಿಲ್ಲ. ಹುಡುಗ ಕಲ್ಲನ್ನು ಇಟ್ಟು ಅತ್ತ. ತಪ್ಪು ಅವನದಲ್ಲ, ನನ್ನದು. ಬರುವಾಗ ಕಾರಿನಲ್ಲಿ ಅವನಿಗೆ ಪಾಡ್ಲ್ಯಾ ಕತೆ ಹೇಳಿದ್ದವನು ನಾನು.

2023ರ ಡಿಸೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದಿದ್ದು ನಿಮಗೂ ನೆನಪಿರಬಹುದು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಪಾಡ್ಲ್ಯಾ ಅಂತ ಒಂದು ಹಳ್ಳಿ. ಅಲ್ಲಿನವರು ಹೊಲದಲ್ಲಿ ಸಿಕ್ಕ ಗುಂಡುಕಲ್ಲುಗಳನ್ನು ತಲೆತಲಾಂತರದಿಂದ ‘ಕಾಕಡ್ ಭೈರವ’ ಅಂತ ಪೂಜಿಸಿಕೊಂಡು ಬಂದಿದ್ದರು. ಕಾಕಡ್ ಅಂದರೆ ಹೊಲ, ಭೈರವ ಅದರ ಒಡೆಯ. ಹೊಲವನ್ನೂ ದನವನ್ನೂ ಕೇಡಿನಿಂದ ಕಾಯುವ ದೇವರು. ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯ ತಜ್ಞರು ಬಂದು ನೋಡಿ, ಇವು ಟೈಟನೊಸಾರ್ ಜಾತಿಯ ಡೈನೊಸಾರ್ ಮೊಟ್ಟೆಗಳು ಅಂದರು. ಗುಜರಾತಿನ ಬಾಲಾಸಿನೋರ್ ಕಡೆಯದು ಇನ್ನೊಂದು ಕತೆ. ಅಲ್ಲಿ ಒಬ್ಬ ಅಜ್ಜಿ ಮಸಾಲೆ ಅರೆಯುತ್ತಿದ್ದ ಗುಂಡುಕಲ್ಲು ಡೈನೊಸಾರ್ ಮೊಟ್ಟೆಯಾಗಿತ್ತಂತೆ. ನನಗೆ ಆ ಅಜ್ಜಿ ಬಹಳ ಇಷ್ಟ. 6.6 ಕೋಟಿ ವರ್ಷಕ್ಕಿಂತ ಹಳೆಯ ಮೊಟ್ಟೆಗೆ ಕೊತ್ತಂಬರಿ ಬೀಜದ ಗಮ ಹತ್ತಿಸಿದವಳು.

ಆವತ್ತು ರಾತ್ರಿ ಊಟ ಆದ ಮೇಲೆ ಅಪ್ಪಯ್ಯನಿಗೂ ಪಾಡ್ಲ್ಯಾ ಕತೆ ಹೇಳಿದೆ, ಮೊಮ್ಮಗನ ಪರ ವಕಾಲತ್ತು ಮಾಡಿದಂತೆ. ಅವರು ಅಡಿಕೆ ಕತ್ತರಿಸುತ್ತಾ ಪೂರ್ತಿ ಕೇಳಿದರು. ಆಮೇಲೆ ಎರಡು ಪ್ರಶ್ನೆ ಕೇಳಿದರು.

‘ಈಗ ಅದು ದೇವರೋ, ಮೊಟ್ಟೆಯೋ?’

ನಾನು ಬಾಯಿ ತೆರೆಯುವುದರೊಳಗೆ ಎರಡನೆಯದು ಬಂತು.

‘ಅಲ್ಲ, ಅದು ಅವರ ಮನೇಲೇ ಇತ್ತಲ್ಲ. ಮತ್ತೆ ಇವರು ಕಂಡುಹಿಡಿದದ್ದು ಅಂದ್ರೆ ಹ್ಯಾಂಗೆ?’

ಮೊದಲನೇ ಪ್ರಶ್ನೆ ಕಷ್ಟದ್ದು ಅಂತ ಆಗ ಅನ್ನಿಸಿತ್ತು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಿದ್ದೆ ಕೆಡಿಸಿದ್ದು ಎರಡನೆಯದು.

ಭಾರತದ ಮೊದಲ ಡೈನೊಸಾರನ್ನು ಕಂಡುಹಿಡಿದವರು ಯಾರು ಅಂತ ನೋಡೋಣ. ಪುಸ್ತಕದ ಉತ್ತರ: ವಿಲಿಯಂ ಹೆನ್ರಿ ಸ್ಲೀಮನ್, 1828, ಜಬಲ್ಪುರ. ಠಗ್ಗರನ್ನು ಹತ್ತಿಕ್ಕಿದ ಅಂತ ಹೆಸರಾದನಲ್ಲ, ಅದೇ ಸೇನಾಧಿಕಾರಿ. ಅವನಿಗೆ ಸಿಕ್ಕಿದ್ದು ಕಲ್ಲಾದ ಕೆಲವು ಮೂಳೆ. ಡೈನೊಸಾರ್ ಅನ್ನುವ ಪದವನ್ನು ರಿಚರ್ಡ್ ಓವನ್ ಹುಟ್ಟಿಸಿದ್ದೇ 1842ರಲ್ಲಿ. ಅಂದರೆ ಸ್ಲೀಮನ್ ಕಂಡುಹಿಡಿದಾಗ ಏನನ್ನು ಕಂಡುಹಿಡಿದೆ ಅಂತ ಹೇಳಲಿಕ್ಕೆ ಅವನ ಹತ್ತಿರ ಪದವೇ ಇರಲಿಲ್ಲ. 1877ರಲ್ಲಿ ರಿಚರ್ಡ್ ಲೈಡೆಕ್ಕರ್ ಆ ಮೂಳೆಗಳನ್ನು ನೋಡಿ ‘ಟೈಟನೊಸಾರಸ್ ಇಂಡಿಕಸ್’ ಅಂತ ಹೆಸರಿಟ್ಟ. ಹಾಗಾದರೆ ಕಂಡುಹಿಡಿದವನು ಲೈಡೆಕ್ಕರಾ? ಕತೆ ಅಲ್ಲಿಗೂ ಮುಗಿಯುವುದಿಲ್ಲ. ಮೂಳೆ ಕಳೆದುಹೋಯ್ತು. ಎಲ್ಲಿ ಇಟ್ಟಿದ್ದಾರೆ ಅಂತ ದಶಕಗಳ ಕಾಲ ಯಾರಿಗೂ ಗೊತ್ತಿರಲಿಲ್ಲ. 2012ರಲ್ಲಿ ಧನಂಜಯ ಮೊಹಬೇ ಮತ್ತು ಸುಭಾಸಿಸ್ ಸೇನ್ ಕೋಲ್ಕತ್ತಾದಲ್ಲಿ ಜಿಯಾಲಾಜಿಕಲ್ ಸರ್ವೆಯ ಸಂಗ್ರಹದೊಳಗೇ ಬಾಲದ ಮೂಳೆಯನ್ನು ಮತ್ತೆ ಕಂಡುಹಿಡಿದರು. ಅಷ್ಟರಲ್ಲಿ ಇನ್ನೊಂದಾಗಿತ್ತು. 2003ರಲ್ಲಿ ಇಬ್ಬರು ವಿಜ್ಞಾನಿಗಳು, ಈ ಮೂಳೆಗಳಲ್ಲಿ ಬೇರೆ ಜಾತಿಗಳಿಂದ ಬೇರ್ಪಡಿಸುವಂಥ ಲಕ್ಷಣ ಏನೂ ಇಲ್ಲ, ಆದ್ದರಿಂದ ಈ ಹೆಸರು ನಿಲ್ಲುವುದಿಲ್ಲ ಅಂತ ತೀರ್ಮಾನಿಸಿದ್ದರು. ಮೂಳೆ ಸಿಕ್ಕಿತು, ಹೆಸರು ಹೋಗಿತ್ತು.

ಇದನ್ನು ಓದುವಾಗ ನನಗೆ ನಗು ಬಂತು, ಯಾಕೆಂದರೆ ಇದು ನಮ್ಮ ಕೋಡಿನ ಕತೆ ತರಹವೇ ಇದೆ. ಬರೆದವನು ಬಿಟ್ಟುಹೋಗಿದ್ದಾನೆ, ಫೈಲು ಎಲ್ಲಿದೆ ಗೊತ್ತಿಲ್ಲ, ಸಿಕ್ಕಿದಾಗ ಅದು ಡೆಪ್ರಿಕೇಟೆಡ್.

ಮೊಹಬೇ ಹೆಸರು ಬಂತಲ್ಲ, ಅವರ ವೃತ್ತಿಯ ಇನ್ನೊಂದು ಘಟನೆ ಹೇಳದೆ ಮುಂದೆ ಹೋಗಲಾರೆ. ನನ್ನ ಮಗ ನಿಜವಾಗಿ ಈ ಕೆಲಸಕ್ಕೆ ಹೋದರೆ ಅವನಿಗೆ ಹೇಳಬೇಕು ಅಂತ ಇಟ್ಟುಕೊಂಡಿರುವ ಕತೆ ಇದೊಂದೇ. 1984ರಲ್ಲಿ ಗುಜರಾತಿನ ಧೋಳಿ ಡುಂಗ್ರಿ ಅನ್ನುವ ಹಳ್ಳಿಯ ಹತ್ತಿರ ಅವರಿಗೆ ಒಂದು ಕಲ್ಲಿನ ತುಂಡು ಸಿಕ್ಕಿತು. ಅದರಲ್ಲಿ ಡೈನೊಸಾರ್ ಮೊಟ್ಟೆಗಳಿದ್ದವು, ಪಕ್ಕದಲ್ಲಿ ಸಣ್ಣ ಸಣ್ಣ ಮೂಳೆಗಳಿದ್ದವು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಯ ಮೂಳೆ ಅಂತ 1987ರಲ್ಲಿ ಪ್ರಕಟಿಸಿದರು. ಅದೇ ದೊಡ್ಡ ಸಂಗತಿ. 2001ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್ ಬಂದು ಆ ಕಲ್ಲನ್ನು ನೋಡಿದರು. ಮರಿಯ ಮೂಳೆ ಇದೆ, ನಿಜ. ಆದರೆ ಮೊಟ್ಟೆಯನ್ನು ಸುತ್ತಿಕೊಂಡಿರುವ ಕೆಲವು ಬೆನ್ನುಮೂಳೆ ಡೈನೊಸಾರಿನದಲ್ಲ, ಹಾವಿನದು! ಗೂಡಿಗೆ ಬಂದ ಹಾವು, ಒಡೆದ ಮೊಟ್ಟೆಯನ್ನು ಸುತ್ತಿಕೊಂಡು, ಮರಿಯ ಪಕ್ಕದಲ್ಲೇ ಇದ್ದಾಗ ಎಲ್ಲವನ್ನೂ ಒಟ್ಟಿಗೆ ಮಣ್ಣು ಮುಚ್ಚಿದೆ. ಮೂರೂವರೆ ಮೀಟರ್ ಉದ್ದದ ಹಾವು. 2010ರಲ್ಲಿ ಅದಕ್ಕೆ ‘ಸನಾಜೆ ಇಂಡಿಕಸ್’ ಅಂತ ಹೆಸರಿಟ್ಟು ಪ್ರಕಟಿಸಿದಾಗ ಬರೆದವರಲ್ಲಿ ಮೊದಲ ಹೆಸರು ವಿಲ್ಸನ್‌ರದು, ಎರಡನೆಯದು ಮೊಹಬೇ ಅವರದು.

ಹದಿನೇಳು ವರ್ಷ ಕೈಯಲ್ಲಿದ್ದ ಕಲ್ಲಿನಲ್ಲಿ ಹಾವು ಇತ್ತು. ಹೊರಗಿನವರೊಬ್ಬರು ಬಂದು ತೋರಿಸಿದರು. ಆಗ ಮೊಹಬೇ ‘ಇಲ್ಲ, ಅದು ಮರಿಯದೇ’ ಅಂತ ಕೂರಬಹುದಿತ್ತು. ನಮ್ಮ ಆಫೀಸಿನ ರಿವ್ಯೂ ಮೀಟಿಂಗುಗಳಲ್ಲಿ ಇದಕ್ಕಿಂತ ಸಣ್ಣ ವಿಷಯಕ್ಕೆ ಜನ ಎಷ್ಟು ಹೊತ್ತು ಕೂರುತ್ತಾರೆ ಅಂತ ನೋಡಿದ್ದೇನೆ, ನಾನೂ ಕೂತಿದ್ದೇನೆ. ಅವರು ಹಾಗೆ ಮಾಡಲಿಲ್ಲ, ತಮ್ಮ ಹಳೆಯ ಓದನ್ನು ತಿದ್ದುವ ಬರಹಕ್ಕೆ ತಾವೇ ಹೆಸರು ಹಾಕಿದರು. ಇನ್ನೊಂದು ಕಡೆಯಿಂದ ನೋಡಿದರೆ ವಿಲ್ಸನ್ ಕೂಡ ‘ಹಾವನ್ನು ಗುರುತಿಸಿದ್ದು ನಾನು’ ಅಂತ ಒಬ್ಬರೇ ಬರೆಯಲಿಲ್ಲ. ಕಲ್ಲನ್ನು ನೆಲದಿಂದ ಎತ್ತಿ, ಒಡೆಯದೆ, ಕಳೆಯದೆ ಇಟ್ಟವರು ಇನ್ನೊಬ್ಬರು ಅನ್ನುವುದು ಆ ಹೆಸರುಗಳ ಸಾಲಿನಲ್ಲೇ ಇದೆ.

ಈಗ ನನ್ನ ಕತೆ. ಹೇಳಲಿಕ್ಕೆ ಸ್ವಲ್ಪ ನಾಚಿಕೆ ಆಗುತ್ತೆ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಹಣ ಪಾವತಿಯ ಸಿಸ್ಟಂ ನೋಡಿಕೊಳ್ಳುತ್ತಿದ್ದೆ. ತಿಂಗಳ ಲೆಕ್ಕದಲ್ಲಿ ಕೆಲವು ಪಾವತಿಗಳು ಎರಡೆರಡು ಸಲ ಬರುತ್ತಿದ್ದವು. ತುಂಬ ಇಲ್ಲ, ಹತ್ತೋ ಹದಿನೈದೋ. ಯಾರಿಗೂ ಕಾರಣ ಸಿಕ್ಕಿರಲಿಲ್ಲ. ಒಂದು ವಾರ ಕೂತು ನಾನು ಕಂಡುಹಿಡಿದೆ. ಒಂದು ಸರ್ವರ್ ತಿಂಗಳನ್ನು ನಮ್ಮ ಗಡಿಯಾರದ ಮಧ್ಯರಾತ್ರಿಗೆ ಮುಗಿಸುತ್ತಿತ್ತು, ಇನ್ನೊಂದು ಗ್ರೀನಿಚ್ ಕಾಲದ ಮಧ್ಯರಾತ್ರಿಗೆ. ನಡುವೆ ಐದೂವರೆ ಗಂಟೆ. ಆ ಐದೂವರೆ ಗಂಟೆಯಲ್ಲಿ ಬಂದ ದುಡ್ಡು ಹಳೇ ತಿಂಗಳಿಗೂ ಸೇರುತ್ತಿತ್ತು, ಹೊಸ ತಿಂಗಳಿಗೂ ಸೇರುತ್ತಿತ್ತು. ಚೆಂದದ ರಿಪೋರ್ಟ್ ಬರೆದೆ. ಟೌನ್‌ಹಾಲ್ ಮೀಟಿಂಗಿನಲ್ಲಿ ಚಪ್ಪಾಳೆ, ಒಂದು ಗಾಜಿನ ಫಲಕ, ಆ ವರ್ಷ ಪ್ರಮೋಷನ್.

ರಿಪೋರ್ಟಿನಲ್ಲಿ ಬರೆಯದೇ ಇದ್ದದ್ದು ಏನೆಂದರೆ, ನನಗಿಂತ ಏಳು ತಿಂಗಳು ಮೊದಲು ಸಪೋರ್ಟ್ ಟೀಮಿನ ಒಬ್ಬ ಹುಡುಗಿ ಒಂದು ಟಿಕೆಟ್ ಹಾಕಿದ್ದಳು. ಕಾಂಟ್ರಾಕ್ಟ್ ಮೇಲಿದ್ದವಳು, ರಾತ್ರಿ ಪಾಳಿ. ‘ಒಂದನೇ ತಾರೀಕು ಬೆಳಿಗ್ಗೆ ಐದೂವರೆ ಒಳಗೆ ಕಟ್ಟಿದವರ ಕಂಪ್ಲೇಂಟ್ ಮಾತ್ರ ಬರ್ತಿದೆ. ಅದಾದ ಮೇಲೆ ಕಟ್ಟಿದವರದ್ದು ಒಂದೂ ಇಲ್ಲ’ ಅಂತ ಬರೆದು, ಮೂರು ತಿಂಗಳ ಪಟ್ಟಿ ಲಗತ್ತಿಸಿದ್ದಳು. ಯಾರೋ ಅದನ್ನು ಓದದೆ ಮುಚ್ಚಿದ್ದರು. ಆ ಮುಚ್ಚಿದ ಟಿಕೆಟ್ ನನಗೆ ಸಿಕ್ಕಿತು. ‘ಐದೂವರೆ’ ಅನ್ನುವ ಒಂದು ಪದ ಓದಿದ ಕೂಡಲೇ ಗ್ರೀನಿಚ್ ಹೊಳೆಯಿತು. ರಿಪೋರ್ಟಿನಲ್ಲಿ ನಾನು ಬರೆದದ್ದು ‘ಲಾಗ್‌ಗಳನ್ನು ಪರಿಶೀಲಿಸಿದಾಗ ಕಂಡುಬಂದಂತೆ’ ಅಂತ. ‘ಕಂಡುಬಂದಂತೆ’ ಅನ್ನುವುದು ಎಂಥ ಅನುಕೂಲದ ಪದ ನೋಡಿ. ಯಾರಿಗೆ ಕಂಡಿತು ಅಂತ ಹೇಳಬೇಕಾಗಿಯೇ ಇಲ್ಲ.

ಆಗ ನನ್ನೊಳಗಿನ ವಕೀಲ ಹೇಳಿದ ವಾದ ಬಹಳ ಗಟ್ಟಿಯಾಗಿತ್ತು: ಅವಳಿಗೆ ಕಾರಣ ಗೊತ್ತಿರಲಿಲ್ಲ. ಐದೂವರೆ ಅನ್ನುವುದು ಅವಳಿಗೆ ಬರೀ ಒಂದು ಹೊತ್ತು. ಅದರ ಅರ್ಥ ಹೇಳಿದವನು ನಾನು. ಈಗಲೂ ಈ ವಾದವನ್ನು ಪೂರ್ತಿ ಸುಳ್ಳು ಅನ್ನಲಾರೆ. ಪಾಡ್ಲ್ಯಾದವರಿಗೆ ಅದು ಮೊಟ್ಟೆ ಅಂತ ಗೊತ್ತಿರಲಿಲ್ಲ ಅನ್ನುವುದು ಸತ್ಯವೇ. ಹಳ್ಳಿಯವರಿಗೆ ಎಲ್ಲ ಮೊದಲೇ ಗೊತ್ತಿತ್ತು, ವಿಜ್ಞಾನಿಗಳು ಆಮೇಲೆ ಬಂದರು ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತು ನನಗೆ ಸೇರುವುದಿಲ್ಲ. ಹಳ್ಳಿಯಲ್ಲಿ ಹುಟ್ಟಿದವನಾದ್ದರಿಂದ ಇನ್ನೂ ಸೇರುವುದಿಲ್ಲ. ಒಂದು ಗುಂಡುಕಲ್ಲನ್ನು ಮೊಟ್ಟೆ ಅನ್ನಬೇಕಾದರೆ ಅದರ ಸಿಪ್ಪೆಯ ತೆಳುಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು, ನೂರಾರು ಬೇರೆ ಮೊಟ್ಟೆಗಳನ್ನು ನೋಡಿರಬೇಕು. ಅದಕ್ಕೆ ಒಂದು ಆಯುಷ್ಯ ಬೇಕು, ಮತ್ತು ಆ ಆಯುಷ್ಯಕ್ಕೆ ಸಂಬಳ ಕೊಡುವುದು ನ್ಯಾಯ.

ವಾದ ಎಲ್ಲಿ ಕುಂಟುತ್ತದೆ ಅಂದರೆ, ಆ ಅರ್ಥ ಹೇಳಲಿಕ್ಕೆ ವಸ್ತು ಇರಬೇಕಲ್ಲ. ಕಣಿವೆಯಲ್ಲಿ ಸಾವಿರ ಗುಂಡುಕಲ್ಲು. ಅದರಲ್ಲಿ ಇದು ಬೇರೆ ಅಂತ ಯಾರೋ ಒಬ್ಬರಿಗೆ ಯಾವತ್ತೋ ಕಂಡಿದೆ. ಬೇರೆ ಅಂತ ಕಂಡದ್ದಕ್ಕೇ ಎತ್ತಿ ಮರದ ಬುಡದಲ್ಲಿಟ್ಟರು, ಇಟ್ಟದ್ದಕ್ಕೇ ಅದು ಜಲ್ಲಿಯಾಗಿ ರಸ್ತೆಗೆ ಬೀಳಲಿಲ್ಲ. ಕೋಲ್ಕತ್ತಾದ ಸರ್ಕಾರಿ ಕಪಾಟಿನಲ್ಲಿ ಬಾಲದ ಮೂಳೆ ಕಳೆದುಹೋಗಿದ್ದ ಅಷ್ಟೂ ಕಾಲ ಪಾಡ್ಲ್ಯಾದ ಮೊಟ್ಟೆ ಇಟ್ಟಲ್ಲೇ ಇತ್ತು. ಬ್ಯಾಕಪ್ ಅಂದರೆ ಅದು! ಸಾವಿರದಲ್ಲಿ ಒಂದನ್ನು ಬೇರೆ ಅಂತ ಕಾಣುವುದು ಅರ್ಧ ಕೆಲಸ. ಆ ಹುಡುಗಿ ನೂರಾರು ಕಂಪ್ಲೇಂಟಿನ ನಡುವೆ ಐದೂವರೆಯನ್ನು ಕಂಡಿದ್ದಳು. ನಾನು ಅದನ್ನು ಕಂಡಿರಲಿಲ್ಲ. ಅವಳ ಪಟ್ಟಿ ಇಲ್ಲದಿದ್ದರೆ ಎಂದಾದರೂ ಕಾಣುತ್ತಿದ್ದೆನೋ ಅಂತ ಕೇಳಿಕೊಂಡರೆ ಎದೆ ಮುಟ್ಟಿ ಹೌದು ಅನ್ನಲಾರೆ.

ಈ ಕ್ಷೇತ್ರದಲ್ಲೇ ಇದನ್ನು ಸರಿಯಾಗಿ ಮಾಡಿದವರಿದ್ದಾರೆ. ಅದೇ ಧಾರ್ ಜಿಲ್ಲೆಯಲ್ಲಿ ವಿಶಾಲ್ ವರ್ಮಾ ಅಂತ ಒಬ್ಬ ಶಾಲಾ ಶಿಕ್ಷಕರು. ಅವರೂ ಅವರ ಗೆಳೆಯರೂ ವರ್ಷಗಟ್ಟಲೆ ಗುಡ್ಡ ಹೊಳೆ ಸುತ್ತಿ ಮೊಟ್ಟೆಗಳನ್ನು ಹುಡುಕಿ ಗುರುತು ಮಾಡಿದ್ದರು. 2023ರ ಜನವರಿಯಲ್ಲಿ ದೆಹಲಿ ವಿಶ್ವವಿದ್ಯಾಲಯದ ತಂಡ ನರ್ಮದಾ ಕಣಿವೆಯ 92 ಗೂಡು, 256 ಮೊಟ್ಟೆಗಳ ಬಗ್ಗೆ ಪ್ರಬಂಧ ಪ್ರಕಟಿಸಿತು. ಅದರಲ್ಲಿ ಲೇಖಕರ ಸಾಲಿನಲ್ಲಿ ವರ್ಮಾ ಹೆಸರಿದೆ, ಅವರ ಶಾಲೆಯ ಹೆಸರೂ ಇದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಸ್ಥಳೀಯರಿಗೆ ಧನ್ಯವಾದ’ ಅಲ್ಲ, ಲೇಖಕರಾಗಿ. ಒಂದು ಸಾಲು ಸೇರಿಸಲಿಕ್ಕೆ ಎಷ್ಟು ಖರ್ಚಾಗುತ್ತೆ?

ನಮ್ಮ ಕಡೆಯವರಿಗೆ ಇದು ಹೊಸ ವಿಚಾರವೂ ಅಲ್ಲ. ತೀರ್ಥಹಳ್ಳಿಯ ಹಾಸ್ಟೆಲಿನಲ್ಲಿ ಪಿಯುಸಿ ಓದುವಾಗ ನಾನು ‘ಕರ್ವಾಲೊ’ ಓದಿದ್ದು, ಬರೆದವರು ಅದೇ ತಾಲೂಕಿನ ಕುಪ್ಪಳಿ ಮನೆತನದ ತೇಜಸ್ವಿ. ಹಾರುವ ಓತಿಯನ್ನು ಕಂಡವನು ಮಂದಣ್ಣ, ಅದರ ಬೆಲೆ ತಿಳಿದವರು ಕರ್ವಾಲೊ. ಆಗ ನನಗೆ ಅದು ಕಾಡಿನ ಸಾಹಸದ ಕತೆಯಾಗಿ ಹಿಡಿಸಿತ್ತು. ದೊಡ್ಡ ವಿಜ್ಞಾನಿಯೊಬ್ಬರು ಊರವರು ಲೆಕ್ಕಕ್ಕೇ ಇಟ್ಟಿಲ್ಲದ ಮಂದಣ್ಣನ ಹಿಂದೆ ಹಿಂದೆ ಓಡಾಡುವುದರಲ್ಲಿ ಏನಿದೆ ಅಂತ ಗೊತ್ತಾಗಲಿಕ್ಕೆ ಕೆಲಸಕ್ಕೆ ಸೇರಿ, ಮೇಲಿನವನಾಗಿ, ಕೆಳಗಿನವರ ಟಿಕೆಟ್ ಮುಚ್ಚಬೇಕಾಯ್ತು.

ಹಾಗೆ ನೋಡಿದರೆ ಪ್ರಪಂಚದ ವಿಜ್ಞಾನದಲ್ಲಿ ನಮ್ಮ ಸೀಮೆಯ ಹೆಸರು ಇರುವುದು ಒಂದು ಜ್ವರಕ್ಕೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರನ್ನು ಆ ವೈರಸ್ಸಿಗೆ ಇಟ್ಟರು. ನಾವು ಅದನ್ನು ಮಂಗನ ಕಾಯಿಲೆ ಅಂತೀವಿ. ಮಂಗ ಸತ್ತಲ್ಲಿ ಜ್ವರ ಬರುತ್ತೆ ಅನ್ನುವಷ್ಟು ನಮ್ಮ ಹೆಸರಿನಲ್ಲೇ ಇದೆ, ಕಾಡಿನ ಹೆಸರಿನಲ್ಲಿ ಇಲ್ಲ.

ಇನ್ನು ತಿಳಿದವರು ಹೊರಗಿನಿಂದಲೇ ಬರಬೇಕು ಅನ್ನುವುದೂ ಯಾವಾಗಲೂ ನಿಜ ಅಲ್ಲ. ಅಮ್ಮನ ತವರು ಸಾಗರ ತಾಲೂಕಿನ ಕರೂರು ಸೀಮೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಹಳೇ ಮನೆ ಮುಳುಗಡೆಯಾಯ್ತು, ಅಮ್ಮ ಆಗ ಕೈಗೂಸು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ಹಿನ್ನೀರು ಬಹಳ ಇಳಿದಿತ್ತು. ದೊಡ್ಡಮಾವ ನನ್ನನ್ನು ಕರೆದುಕೊಂಡು ಆ ಬಿರುಕು ಬಿಟ್ಟ ಕೆಸರಿನಲ್ಲಿ ನಡೆದರು. ನನಗೆ ಕಂಡಿದ್ದು ಮರದ ಬೊಡ್ಡೆ ಮತ್ತು ಕಲ್ಲು. ಅವರು ಒಂದು ಕಲ್ಲಿನ ಸಾಲು ತೋರಿಸಿ ‘ಇದು ಕೊಟ್ಟಿಗೆ ಪಾಯ, ಇಲ್ಲಿ ಬಾಣಂತಿ ಕೋಣೆ, ನಿನ್ನಮ್ಮ ಇಲ್ಲೇ ಹುಟ್ಟಿದ್ದು’ ಅಂದರು. ಇನ್ನೂ ನೂರು ವರ್ಷ ಬಿಟ್ಟು ಯಾವ ತಜ್ಞ ಬಂದು ಅಗೆದರೂ ಅದು ಮನೆ ಅಂತ ಹೇಳಬಹುದು, ಕಾಲವನ್ನೂ ಹೇಳಬಹುದು. ಯಾರು ಹುಟ್ಟಿದ್ದು ಅಂತ ಹೇಳಲಿಕ್ಕೆ ಮಾವನನ್ನು ಕೇಳಿಟ್ಟುಕೊಂಡಿರಬೇಕು. ಮಾವ ಈಗ ಇಲ್ಲ. ನಾನು ಎಲ್ಲವನ್ನೂ ಕೇಳಿಕೊಳ್ಳಲಿಲ್ಲ.

ಅಪ್ಪಯ್ಯನ ಮೊದಲ ಪ್ರಶ್ನೆಗೆ ನನ್ನ ಉತ್ತರ: ಅದು ಮೊಟ್ಟೆ. ಎರಡೂ ಹೌದು, ಅವರವರ ಭಾವಕ್ಕೆ ಅಂತ ಜಾರಿಕೊಳ್ಳಬಹುದಿತ್ತು, ಅದು ಅಪ್ಪಯ್ಯನನ್ನು ಮಗು ಅಂತ ತಿಳಿದಂತೆ. ನಾಳೆ ನಮ್ಮ ಚೌಡಿಯ ಗುಂಡುಕಲ್ಲು ಇನ್ನೇನೋ ಅಂತ ಗೊತ್ತಾದರೆ ಅದನ್ನು ಅವರಿಗೆ ಹೇಳಲೇಬೇಕು, ಪಾಡ್ಲ್ಯಾದವರಿಗೂ ಹೇಳಬೇಕಾಗಿತ್ತು. ಮನೆಯ ವಸ್ತು ಏನು ಅಂತ ಮನೆಯವರಿಗೇ ಮೊದಲು ತಿಳಿಯಬೇಕು. ತಿಳಿದ ಮೇಲೆ ಕಾಯಿ ಒಡೆಯುತ್ತಾರೋ ಬಿಡುತ್ತಾರೋ, ಅದು ಹೇಳಿದವನ ಅಧಿಕಾರಕ್ಕೆ ಸೇರಿದ್ದಲ್ಲ. ಇದನ್ನು ಫೋನಿನಲ್ಲಿ ಹೇಳಿದೆ. ‘ಹ್ಞೂಂ’ ಅಂದರು. ಅಪ್ಪಯ್ಯನ ಹ್ಞೂಂ ಅಂದರೆ ಒಪ್ಪಿದ್ದೇನೆ ಅಂತ ಅಲ್ಲ, ಕೇಳಿಸಿತು ಅಂತ.

ಆ ಹುಡುಗಿಯನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಒಂದು ಮೆಸೇಜ್ ಬರೆದೆ. ಈಗ ಬೇರೆ ಕಡೆ ಇದ್ದಾಳೆ, ಇನ್ನೂ ಸಪೋರ್ಟಿನಲ್ಲೇ. ನಡೆದದ್ದು ಹೀಗೆ, ಹಳೇ ಮ್ಯಾನೇಜರಿಗೂ ಬರೆದು ತಿಳಿಸಿದ್ದೇನೆ, ನಿಮಗೆ ರೆಫರೆನ್ಸ್ ಬೇಕಾದರೆ ಇದನ್ನು ನಾನು ಬರೆದುಕೊಡುತ್ತೇನೆ ಅಂತ. ಎರಡು ದಿನ ಬಿಟ್ಟು ಉತ್ತರ ಬಂತು: ‘ನನಗೆ ಆ ಟಿಕೆಟ್ ನೆನಪಿದೆ ಸರ್.’ ಅಷ್ಟೇ. ಅದನ್ನು ಎಷ್ಟು ಸಲ ಓದಿದೆನೋ.

ಗಣೇಶ ಹಬ್ಬಕ್ಕೆ ಮತ್ತೆ ಊರಿಗೆ ಹೋದಾಗ ಹುಡುಗ ತನ್ನ ಡೈನೊಸಾರ್ ನೋಟ್‌ಬುಕ್ ತಂದಿದ್ದ. ಒಂದೊಂದು ಪುಟಕ್ಕೆ ಒಂದು ಚಿತ್ರ, ಕೆಳಗೆ ‘ಎಲ್ಲಿ ಸಿಕ್ಕಿತು’, ‘ಯಾರಿಗೆ ಸಿಕ್ಕಿತು’. ಚೌಡಿಯ ಗುಂಡುಕಲ್ಲಿಗೂ ಒಂದು ಪುಟ ಮಾಡಿದ್ದ, ಮುಟ್ಟದೆ, ದೂರದಿಂದ ನೋಡಿ ಬರೆದ ಚಿತ್ರ. ‘ಅಜ್ಜ, ಇದು ಯಾರಿಗೆ ಸಿಕ್ಕಿದ್ದು?’

‘ನಮ್ಮ ಅಜ್ಜಯ್ಯನಿಗೆ. ತೋಟ ಹಾಕುವಾಗ.’

ಇದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕತೆ. ನಾನೂ ಹಾಗೇ ನಂಬಿದ್ದೆ. ಹುಡುಗ ಬರೆದುಕೊಳ್ಳಲಿಕ್ಕೆ ಶುರು ಮಾಡಿದ. ‘ಅವರೇ ಅಗೆದಿದ್ದಾ?’ ಅಂತ ಕೇಳಿದ.

ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ‘ಅಜ್ಜಯ್ಯ ಎಲ್ಲಿ ಅಗಿತಿದ್ರು ಮಾರಾಯ. ಕಪ್ಪು ತೆಗೆದೋನು ಬೇರೆ. ಕೆಲಸದೋನು. ಅವನೇ ಕಲ್ಲು ತಂದು ಅಜ್ಜಯ್ಯಂಗೆ ತೋರಿಸಿ, ಇದು ಬರೀ ಕಲ್ಲಲ್ಲ ಒಡೆಯ ಅಂದಿದ್ನಂತೆ.’

‘ಅವನ ಹೆಸರು?’

‘ಹೆಸರು... ಎಂತದೋ ಇತ್ತಪ್ಪ.’

ಒಳಗಿನಿಂದ ಅಮ್ಮ, ಕಡುಬಿನ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದರು. ‘ಗುತ್ಯ. ಅತ್ತೆ ಹೇಳ್ತಿದ್ರಲ್ಲ, ಗುತ್ಯ ಅಂತ. ಕಾನಿನಂಚಿಗೆ ಬಿಡಾರ ಇತ್ತಂತೆ ಅವರದ್ದು.’

ಹುಡುಗ ಬರೆದಿದ್ದನ್ನು ರಬ್ಬರಿನಲ್ಲಿ ಉಜ್ಜಿದ. ಆಮೇಲೆ ಪೆನ್ಸಿಲ್ ಹಿಡಿದುಕೊಂಡು ನನ್ನ ಕಡೆ ತಿರುಗಿದ. ಇಂಗ್ಲಿಷ್ ಮೀಡಿಯಂ ಹುಡುಗ, ಒತ್ತಕ್ಷರ ಇನ್ನೂ ಸರಿಯಾಗಿ ಬರಲ್ಲ.

‘ಅಪ್ಪಾ, ತ್ಯ ಹೇಗೆ ಬರಿಯೋದು?’